ತಾರೆಯ ತಾರೀಖು

ವರ್ಷಕ್ಕೊಮ್ಮೆ, ಜೂನ್ ತಿಂಗಳ ಹನ್ನೊಂದನೆಯ ತಾರೀಖು ಬೆಳಗ್ಗೆ, ನಾನು ಹಲ್ಲುಜ್ಜುತ್ತಿರುವ ಹೊತ್ತಿಗೆ ಸರಿಯಾಗಿ, ನನ್ನ ಬ್ಯಾಂಕು ನನಗೆ ಹುಟ್ಟುಹಬ್ಬದ ಶುಭಾಶಯ ಕಳಿಸುತ್ತದೆ. ಹೆಂಡತಿಗಿಂತ ಮೊದಲು, ಮಗಳಿಗಿಂತ ಮೊದಲು, ಸ್ವತಃ ನನಗೆ ನೆನಪಾಗುವುದಕ್ಕಿಂತಲೂ ಮೊದಲು. ‘ಆತ್ಮೀಯ ಗ್ರಾಹಕರೇ’ ಎಂದು ಶುರುವಾಗಿ ಕೇಕಿನ ಚಿತ್ರವೊಂದರಲ್ಲಿ ಮುಗಿಯುವ ಆ ಎರಡು ಸಾಲಿನಲ್ಲಿ ಹೆದರುವಂಥದ್ದು ಏನೂ ಇಲ್ಲ. ಆದರೂ ಫೋನು ಗುಂಯ್ ಎಂದ ಕೂಡಲೇ ನನ್ನ ಎದೆ ಡವಡವ ಎನ್ನುತ್ತದೆ. ಯಾರಿಗೋ ಏನೋ ಆಗಿದೆ ಎಂಬುದು ನನ್ನ ಮೊದಲ ಆಲೋಚನೆ. ಯಾರಿಗೂ ಏನೂ ಆಗಿಲ್ಲ, ನನಗೆ ಇನ್ನೊಂದು ವರ್ಷ ಆಗಿದೆ ಎಂಬುದು ಎರಡನೆಯದು. ಎರಡನೆಯದು ಮೊದಲನೆಯದಕ್ಕಿಂತ ಸಮಾಧಾನದ್ದು ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ.

ನಿಮ್ಮಲ್ಲಿ ಮುಚ್ಚಿಡುವುದೇನು, ನಾನು ಪುಕ್ಕಲ. ಭೀಮನಬೀಡಿನ ಸರ್ಕಾರಿ ಶಾಲೆಯಲ್ಲಿ ದೀರ್ಘಕಾಲ ಮೇಷ್ಟ್ರಾಗಿದ್ದು, ಮಕ್ಕಳಿಗೆ ಧೈರ್ಯ ಸಾಹಸಗಳ ಪಾಠವನ್ನು ಏರಿದ ದನಿಯಲ್ಲಿ ಒಪ್ಪಿಸಿ, ಈಗ ಗುಂಡ್ಲುಪೇಟೆಯಲ್ಲಿ ನಿವೃತ್ತನಾಗಿರುವ ನನಗೆ ಗುಡುಗು, ನಾಯಿ, ರಿಜಿಸ್ಟರ್ಡ್ ಪೋಸ್ಟು ಎಲ್ಲವೂ ಭಯವೇ. ಇವೆಲ್ಲದರ ಮೇಲೆ ಕಳಶವಿಟ್ಟಂತೆ ಎತ್ತರದ ಭಯ. ನಮ್ಮ ಊರಿನವರಿಗೆ ಗೋಪಾಲಸ್ವಾಮಿ ಬೆಟ್ಟವೆಂದರೆ ನೆಂಟರು ಬಂದಾಗ ಸುತ್ತಾಡಿಸಿಕೊಂಡು ಬರುವ ಹಿತ್ತಿಲಿದ್ದಂತೆ. ನಾನು ಮಾತ್ರ ನೆಂಟರನ್ನು ಬೆಟ್ಟದ ಬಸ್ಸಿಗೆ ಹತ್ತಿಸಿ, ಮಂಡಿನೋವೆಂದು ಹೇಳಿ ಬುಡದಲ್ಲೇ ಉಳಿಯುತ್ತೇನೆ. “ಬಸ್ಸಲ್ ಕೂರಕ್ಕೂ ಮಂಡಿ ನೋಯ್ತದಾ” ಎಂದು ನನ್ನ ಹೆಂಡತಿ ಒಮ್ಮೆ ನೆಂಟರೆದುರಿಗೇ ಕೇಳಿದ್ದಳು. ನಾನು ಬಸ್ಸಿನ ನಂಬರು ಓದುವವನಂತೆ ಆ ಕಡೆ ತಿರುಗಿಕೊಂಡೆ.

ಇಂಥವನ ಕೈಗೆ ಭವಿಷ್ಯ ಸಿಕ್ಕರೆ ಏನಾಗಬೇಡ? ಸಿಕ್ಕಿತು. ನಿವೃತ್ತಿಯಾದ ವರ್ಷ ಮೈಸೂರಿನ ಗೃಹಪ್ರವೇಶವೊಂದರಲ್ಲಿ, ಊಟದ ಎರಡನೆಯ ಪಂಕ್ತಿಗೆ ಕಾಯುತ್ತ ಕೂತಿದ್ದಾಗ, ನನ್ನ ಷಡ್ಡಕ ತನ್ನ ಫೋನಿನಲ್ಲಿ ‘ದೇಹಪಟ’ವೆಂಬ ವಿದ್ಯೆಯನ್ನು ನನಗೆ ತೋರಿಸಿದ. ಹುಟ್ಟಿದ ತಾರೀಖು, ಹೊತ್ತು, ಊರು, ಈ ಮೂರನ್ನು ಉಣಿಸಿದರೆ ಕಾಲು ಮಡಿಸಿ ಕೂತ ಮನುಷ್ಯಾಕೃತಿಯೊಂದು ಮೂಡುತ್ತದೆ. ನೆತ್ತಿಯಿಂದ ಬುಡದವರೆಗೆ ಅದರಲ್ಲಿ ಒಂಬತ್ತು ಮನೆಗಳು, ಮನೆಗಳ ನಡುವೆ ಓಣಿಗಳು, ಓಣಿಗಳ ತುದಿಗೆ ಬಾಗಿಲುಗಳು. ಬಣ್ಣ ತುಂಬಿದ ಮನೆ ನಿಮ್ಮ ಸ್ವಂತದ್ದು. ಬೆಳ್ಳಗೆ ಉಳಿದ ಮನೆಯಲ್ಲಿ ಪರರ ಗುಣಗಳು, ಪರರ ಭಯಗಳು ಬಂದು ಬಿಡಾರ ಹೂಡುತ್ತವಂತೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ ನಮ್ಮದು. ರಾಹುಕಾಲ ಗುಳಿಕಕಾಲಗಳನ್ನು ನಮ್ಮಜ್ಜ ಹೊಸ್ತಿಲು ದಾಟಲು ಬಿಟ್ಟವರಲ್ಲ. ಆದರೆ ಇದು ಪಂಚಾಂಗವಲ್ಲವಲ್ಲ, ಹೊರದೇಶದಿಂದ ಬಂದದ್ದು, ಇಂಗ್ಲಿಷಿನಲ್ಲಿದೆ, ಆದ್ದರಿಂದ ಮೂಢನಂಬಿಕೆಯಾಗಿರಲಾರದು ಎಂದು ನಾನು ಅಜ್ಜನ ಫೋಟೋದ ಕಡೆ ನೋಡದೆಯೇ ತೀರ್ಮಾನಿಸಿದೆ.

ಮೊದಲು ನನ್ನ ಪಟ ಹಾಕಿಕೊಂಡೆ. ಸೂರ್ಯ ನಿಂತಿದ್ದದ್ದು ‘ಏರುವ ಬಾಗಿಲು’ ಎಂಬಲ್ಲಿ. ‘ಏರುವಾಗ ತಾಳ್ಮೆಯಿರಲಿ’ ಎಂಬುದಷ್ಟೇ ಅದರ ವಿವರಣೆ. ನಾನು ಅದನ್ನು ಓದಿ ಬೆವೆತುಹೋದೆ. ಬೆಟ್ಟದ ವಿಷಯ ಇದಕ್ಕೆ ಹೇಗೆ ಗೊತ್ತಾಯಿತು?

ಹೆದರಿದವನು ಸುಮ್ಮನಿರುವುದಿಲ್ಲ, ಇತರರನ್ನೂ ಹೆದರಿಸಿ ಜೊತೆ ಮಾಡಿಕೊಳ್ಳುತ್ತಾನೆ. ಚಾಮರಾಜನಗರದ ವಾರಪತ್ರಿಕೆಯೊಂದರ ಸಂಪಾದಕರು ನನ್ನ ಹಳೆಯ ಪರಿಚಯದವರು. ಅವರ ನಾಲ್ಕನೆಯ ಪುಟದ ಮೂಲೆಯೊಂದು ಜಾಹೀರಾತಿಲ್ಲದೆ ಅನಾಥವಾಗಿತ್ತು. ಅಲ್ಲಿ ನನ್ನ ‘ತಾರಾಪಟ’ ಅಂಕಣ ಶುರುವಾಯಿತು. ವಾರಕ್ಕೊಬ್ಬ ನಟ ಅಥವಾ ನಟಿ; ಅವರ ದೇಹಪಟ, ಅದರ ವ್ಯಾಖ್ಯಾನ. ಬರೆದದ್ದನ್ನು ತೆಗೆದುಕೊಂಡು ತೆರಕಣಾಂಬಿಯ ಮೇಲೆ ಹೋಗುವ ಬಸ್ಸಿನಲ್ಲಿ ನಾನೇ ಚಾಮರಾಜನಗರಕ್ಕೆ ಹೋಗಿ ಕೊಟ್ಟು ಬರುತ್ತಿದ್ದೆ. ವಾಟ್ಸಾಪಿನಲ್ಲಿ ಕಳಿಸಬಹುದಿತ್ತು, ಆದರೆ ಅಲ್ಲಿ ಹೋದರೆ ಕಾಫಿ ಕೊಡುತ್ತಿದ್ದರು, ‘ಬನ್ನಿ ಗುರುಗಳೇ’ ಎನ್ನುತ್ತಿದ್ದರು.

ಹೀಗಿರುವಾಗ ನನ್ನ ಕಣ್ಣಿಗೆ ಬಿದ್ದವಳು ಸಿರಿಚಂದನಾ. ಧಾರಾವಾಹಿಗಳಲ್ಲಿ ನಾಯಕಿಯ ತಂಗಿಯಾಗಿ ಬರುತ್ತಿದ್ದ ಹುಡುಗಿ. ನಮ್ಮ ಜಿಲ್ಲೆಯ ಕಡೆಯವಳು ಎಂದಷ್ಟೇ ಸಂದರ್ಶನಗಳಲ್ಲಿ ಬಂದಿತ್ತು. ಹುಟ್ಟಿದ ತಾರೀಖು ನೋಡಿದರೆ ಜೂನ್ ಹನ್ನೊಂದು. ನನ್ನದೇ ತಾರೀಖು. ವರ್ಷ ಬೇರೆಯಾದರೂ ಸೂರ್ಯನ ಬಾಗಿಲು ಒಂದೇ. ನನ್ನೊಳಗೆ ಬಂಧುಪ್ರೇಮವೇ ಉಕ್ಕಿತು. ಹೊತ್ತು ತಿಳಿಯದಿದ್ದರೆ ಮಧ್ಯಾಹ್ನ ಹನ್ನೆರಡು ಎಂದು ಹಾಕಿ ಎನ್ನುತ್ತದೆ ಆ ಆ್ಯಪು. ಹಾಗೆಯೇ ಹಾಕಿದೆ.

ಆ ಪಟ ನಿಜಕ್ಕೂ ನನ್ನನ್ನು ಬೆಚ್ಚಿಬೀಳಿಸಿತು. ಕಂಠದ ಮನೆಗೆ ಬಣ್ಣ ತುಂಬಿತ್ತು: ದನಿಯೇ ಇವಳ ಬಂಡವಾಳ. ತಗ್ಗಿದ ದನಿಯಲ್ಲಿ ಒಂದೇ ಒಂದು ಮಾತಾಡಿದರೂ ನೋಡುವವರು ಟೀವಿಯ ಸದ್ದು ಜಾಸ್ತಿ ಮಾಡಿಕೊಂಡು ಕೇಳುತ್ತಿದ್ದರು. ‘ಕರೆಗೆ ಕಾಯುವ ಜೀವ’ ಎಂಬುದು ಪಟದ ಲೆಕ್ಕದಲ್ಲಿ ಅವಳ ಜಾತಿ. ತಾನಾಗಿ ಹೋದಲ್ಲಿ ಬಾಗಿಲು ಮುಚ್ಚಿರುತ್ತದೆ, ಕರೆದಲ್ಲಿ ತೆರೆಯುತ್ತದೆ. ಸಂದರ್ಶನದಲ್ಲಿ ಅವಳೇ ಹೇಳಿಕೊಂಡಿದ್ದಳು, ಕೇಳಿಕೊಂಡು ಹೋದ ಕಡೆಯೆಲ್ಲ ವಾಪಸು ಕಳಿಸಿದರಂತೆ. ಕಾಲೇಜಿನ ಸಮಾರಂಭದಲ್ಲಿ ನಿರೂಪಣೆ ಮಾಡುತ್ತಿದ್ದಾಗ ಯಾರೋ ನೋಡಿ ಕರೆದದ್ದರಿಂದ ಮೊದಲ ಪಾತ್ರ ಸಿಕ್ಕಿತಂತೆ. ಭಾವದ ಮನೆ, ಧೈರ್ಯದ ಮನೆ ಎರಡೂ ಬಿಳಿ. ಅಳುವ ದೃಶ್ಯದಲ್ಲಿ ಎದುರಿನವರು ಅತ್ತ ಮೇಲೆಯೇ ಇವಳ ಕಣ್ಣು ತುಂಬುತ್ತದೆಂಬುದನ್ನು ನಾನು ಮೂರು ಕಂತು ಹಿಂದೆಮುಂದೆ ತಿರುಗಿಸಿ ನೋಡಿ ಖಚಿತಪಡಿಸಿಕೊಂಡೆ. ಒಬ್ಬ ಅಪರಿಚಿತ ಹೆಣ್ಣುಮಗಳ ಅಂತರಂಗವನ್ನು ಗುಂಡ್ಲುಪೇಟೆಯ ಜಗಲಿಯಲ್ಲಿ ಕೂತು ಹೀಗೆ ಬಿಚ್ಚಿ ಓದಬಹುದಾದರೆ ನನ್ನದನ್ನು ಯಾರು ಎಲ್ಲಿ ಕೂತು ಓದುತ್ತಿದ್ದಾರೋ ಎಂದು ದಿಗಿಲಾಯಿತು.

ದಿಗಿಲಿನಲ್ಲೇ ಬರೆದೆ. ಬರೆಯುತ್ತ ಬರೆಯುತ್ತ, ಏರುವ ಬಾಗಿಲಿನ ‘ತಾಳ್ಮೆಯಿರಲಿ’ ಎಂಬ ಮೂರು ಕಾಸಿನ ವಿವರಣೆ ನನ್ನ ಲೇಖನಿಯಲ್ಲಿ ಬೆಳೆದು ಹೀಗಾಯಿತು: ‘ಈ ತಾರೆಗೆ ಈ ವರ್ಷ ಎತ್ತರದ ಸ್ಥಳಗಳಿಂದ ಅಪಾಯ. ಧೈರ್ಯದ ಮನೆ ಬರಿದಾಗಿರುವುದರಿಂದ ಪತನಭೀತಿ ಪ್ರಾಣಾಂತಿಕವೂ ಆಗಬಹುದು.’ ಪತನಭೀತಿ ಎಂಬ ಪದ ಹೊಳೆದದ್ದಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ತಿಂಗಳು ಕಳೆದಿರಬೇಕು. ಒಂದು ಬೆಳಗ್ಗೆ ನಡುವಯಸ್ಸಿನ ಹೆಂಗಸೊಬ್ಬಳು ಗೇಟು ತೆರೆದುಕೊಂಡು ಬಂದು ಜಗಲಿಯ ಅಂಚಿನಲ್ಲಿ ಕೂತಳು. ಭೀಮನಬೀಡಿನ ದೊಡ್ಡತಾಯಮ್ಮ. ನಾನಿದ್ದಾಗ ಶಾಲೆಯ ಹಿಂದಿನ ಹೊಲ ಅವರದೇ. ಕೈಚೀಲದಿಂದ ನಾಲ್ಕು ಮಡಿಕೆಯ ಪತ್ರಿಕೆ ತೆಗೆದು, ನಾಲ್ಕನೆಯ ಪುಟದ ಮೂಲೆಯ ಮೇಲೆ ಬೆರಳಿಟ್ಟಳು.

“ಇದ ಬರ್ದಿರೋರು ನೀವೇ ಅಂದ್ರು, ದಿಟವಾ ಮೇಷ್ಟ್ರೇ?”

ನಾನು ಹಿಗ್ಗಿನಿಂದ ತಲೆಯಾಡಿಸಿದೆ.

“ಇವ್ಳು ನಮ್ ಮಾದೇವಿ ಕಣ. ಟೀವಿಯೋರು ಎಸ್ರು ಬದ್ಲಾಯ್ಸವ್ರೆ.”

ಮಾದೇವಿ ಎಂದರೆ ಒಂದನೆಯ ತರಗತಿಯಲ್ಲಿ ಬಾಗಿಲ ಪಕ್ಕ ಕೂತು, ಹಾಜರಿ ಕರೆದಾಗ ಕೇಳಿಸದಷ್ಟು ಮೆಲ್ಲಗೆ ‘ಸಾರ್’ ಎನ್ನುತ್ತಿದ್ದ ಕೂಸು. ನನಗೆ ಸಂತೋಷವಾಗಬೇಕಾಗಿತ್ತು. ಆದರೆ ದೊಡ್ಡತಾಯಮ್ಮ ಸಂತೋಷಪಡಿಸಲು ಬಂದವಳಾಗಿರಲಿಲ್ಲ. ಮಗಳಿಗೆ ಮೊದಲ ಬಾರಿಗೆ ಸಿನಿಮಾದಲ್ಲಿ ನಾಯಕಿಯ ಪಾತ್ರ ಸಿಕ್ಕಿತ್ತು. ಸಿನಿಮಾದವರು ತಾವಾಗಿಯೇ ಕರೆದಿದ್ದರು. ಕಥೆಯ ಕೊನೆಗೆ ನಾಯಕಿ ಕಾರ್ಖಾನೆಯ ಕಬ್ಬಿಣದ ಮೆಟ್ಟಿಲ ಮೇಲಿಂದ ಜಿಗಿಯಬೇಕು. ಮುಖ ಹತ್ತಿರದಿಂದ ಕಾಣುವುದರಿಂದ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅವಳೇ ಜಿಗಿಯಬೇಕು. ಬದನಗುಪ್ಪೆಯಲ್ಲಿ ಖಾಲಿ ಬಿದ್ದಿದ್ದ ಶೆಡ್ಡೊಂದನ್ನು ಗೊತ್ತುಮಾಡಿ, ಆ ದೃಶ್ಯವನ್ನೇ ಮೊದಲು ತೆಗೆಯುತ್ತೇವೆ ಎಂದಿದ್ದರು. ಹುಡುಗಿ ಒಪ್ಪಿದ್ದಳು. ಅಷ್ಟರಲ್ಲಿ ಯಾರೋ ಈ ಪತ್ರಿಕೆಯ ಪುಟವನ್ನು ಅವಳ ಫೋನಿಗೆ ಕಳಿಸಿದ್ದರು. ಅವತ್ತಿನಿಂದ ಊರಿಗೆ ಬಂದು ಕೂತವಳು ಅಟ್ಟಕ್ಕೆ ಏಣಿ ಹತ್ತುವುದಕ್ಕೂ ಒಲ್ಲೆ ಎನ್ನುತ್ತಿದ್ದಾಳಂತೆ.

“ಸುಕ್ರವಾರದೊಳಗೆ ಯೋಳ್ಬೇಕಂತೆ. ಇಲ್ದಿದ್ರೆ ಇನ್ನೊಂದ್ ಉಡ್ಗಿ ಕಾಯ್ತಾ ಕುಂತವ್ಳಂತೆ. ಇನ್ನೊಂದ್ ಸಾರಿ ನೋಡಿ ಮೇಷ್ಟ್ರೇ, ಎಲ್ಲಾರ ಒಂಚೂರು ತಪ್ಪುಸ್ಕೊಳ ದಾರಿ ಅದಾ ಅಂತ.”

ನಾನು ಗಾಂಭೀರ್ಯದಿಂದ ಫೋನು ತೆರೆದೆ. ಹುಟ್ಟಿದ ಹೊತ್ತು ನಿಖರವಾಗಿ ತಿಳಿದರೆ ಒಂದೆರಡು ಬಾಗಿಲು ಬದಲಾದಾವು, ಯಾವ ಹೊತ್ತಿನಲ್ಲಿ ಹುಟ್ಟಿದ್ದು ಎಂದು ಕೇಳಿದೆ.

“ಒತ್ತು ನಂಗೊತ್ತು, ತಾರೀಕು ಗೊತ್ತಿಲ್ಲ. ತಾರೀಕ ನೀವೇ ತಾನೆ ಬರ್ಕಂಡಿದ್ದು, ಇಸ್ಕೂಲ್ಗೆ ಸೇರ್ಸುವಾಗ.”

ತೆರೆದಿದ್ದ ಫೋನನ್ನು ತೊಡೆಯ ಮೇಲೆ ಮಗುಚಿ ಇಟ್ಟೆ. ನಿಮಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆ ಕಾಲಕ್ಕೂ ನಮ್ಮ ಕಡೆ ಅನೇಕ ಮಕ್ಕಳು ತಾರೀಖಿಲ್ಲದೆಯೇ ಶಾಲೆಗೆ ಬರುತ್ತಿದ್ದವು. ‘ಕಡ್ಲೆಕಾಯಿ ಕೀಳುವಾಗ’, ‘ಕೆರೆ ಕೋಡಿ ಬಿದ್ದ ವರ್ಷ’ ಎಂದು ತಾಯಂದಿರು ಹೇಳುತ್ತಿದ್ದರು. ದಾಖಲಾತಿ ಪುಸ್ತಕದಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಆರು ವರ್ಷ ತುಂಬಿದಂತಾಗಬೇಕೆಂದು ಮೇಷ್ಟ್ರುಗಳು ಎಲ್ಲರಿಗೂ ಜೂನ್ ಒಂದು ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ನಾನು ಹಾಗೆ ಮಾಡಲಿಲ್ಲ. ಪ್ರಾಮಾಣಿಕತೆಯಿಂದಲ್ಲ, ಹೆದರಿಕೆಯಿಂದ. ಪುಟದುದ್ದಕ್ಕೂ ಒಂದೇ ತಾರೀಖು ಕಂಡರೆ ಇನ್ಸ್‌ಪೆಕ್ಟರು ಏನೆಂದಾರೋ ಎಂದು ಅಂಜಿ, ಬೇರೆ ಬೇರೆ ತಾರೀಖುಗಳನ್ನು ಹಂಚತೊಡಗಿದೆ. ಶೂನ್ಯದಿಂದ ತಾರೀಖು ಸೃಷ್ಟಿಸುವ ಕಲ್ಪನಾಶಕ್ತಿ ನನಗಿಲ್ಲದ್ದರಿಂದ ಮನೆಯವರವನ್ನೇ ಬಳಸಿದೆ. ಹೆಂಡತಿಯದು ಒಬ್ಬನಿಗೆ, ಭಾವಮೈದುನನದು ಇನ್ನೊಬ್ಬನಿಗೆ, ಅತ್ತೆಯವರದು ಮೂರು ಜನಕ್ಕೆ. ಭೀಮನಬೀಡಿನ ಒಂದು ತಲೆಮಾರು ನನ್ನ ನೆಂಟರಿಷ್ಟರ ಜನ್ಮದಿನಗಳಲ್ಲಿ ಈಗಲೂ ಬಾಳುತ್ತಿದೆ, ಬಡ್ತಿ ಪಡೆಯುತ್ತಿದೆ, ಮದುವೆಯಾಗುತ್ತಿದೆ. ನೆಂಟರು ಮುಗಿದ ದಿನ, ಬಾಗಿಲಲ್ಲಿ ತಾಯಿಯ ಸೆರಗು ಹಿಡಿದು ನಿಂತ ಕೂಸೊಂದಕ್ಕೆ ನನ್ನದನ್ನೇ ಕೊಟ್ಟಿದ್ದೆ. ಕೊಟ್ಟು ಮರೆತಿದ್ದೆ.

ಅಂದರೆ ನಾನು ಅಷ್ಟು ದಿನ ಬೆರಗಿನಿಂದ, ಭಯದಿಂದ ಓದುತ್ತಿದ್ದದ್ದು ಒಬ್ಬ ತಾರೆಯ ಪಟವನ್ನಲ್ಲ, ನನ್ನದೇ ಕೈಬರಹವನ್ನು.

ದೊಡ್ಡತಾಯಮ್ಮನಿಗೆ ಅದನ್ನು ಅಲ್ಲಿಯೇ ಹೇಳಬಹುದಿತ್ತು. ಬದಲಿಗೆ, “ಎರಡು ದಿನ ಸಮಯ ಕೊಡಿ, ನೋಡ್ತೀನಿ” ಎಂದೆ. ಅವಳು ಕೈಮುಗಿದು ಎದ್ದುಹೋದಳು. ಆ ಕೈಮುಗಿದದ್ದು ನನ್ನನ್ನು ಎರಡು ದಿನ ಊಟ ಮಾಡಗೊಡಲಿಲ್ಲ. ಹೇಳಿದರೆ ಸುಳ್ಳು ತಾರೀಖು ಬರೆದ ಮೇಷ್ಟ್ರೆಂದು ಊರೆಲ್ಲ ಆಡಿಕೊಳ್ಳುತ್ತದೆ, ಯಾವುದೋ ಇಲಾಖೆಯಿಂದ ಯಾವುದೋ ಕಾಗದ ಬರುತ್ತದೆ ಎಂಬ ಭಯ. ಹೇಳದಿದ್ದರೆ ಹುಡುಗಿಯ ಪಾತ್ರ ಹೋಗುತ್ತದೆ. ಕರೆಗೆ ಕಾದು ಕೂತವಳಿಗೆ ಇನ್ನೊಂದು ಕರೆ ಬರುತ್ತದೆಂದು ಯಾರು ಹೇಳಬಲ್ಲರು? ಮೂರನೆಯ ಭಯ ಇವೆರಡಕ್ಕಿಂತ ದೊಡ್ಡದು, ಅದನ್ನು ನಿಮಗಲ್ಲದೆ ಯಾರಿಗೂ ಹೇಳಿಲ್ಲ. ಪಟ ಸುಳ್ಳೆಂದು ನಾನು ಹೇಳಿ, ಅವಳು ನಂಬಿ ಮೆಟ್ಟಿಲೇರಿ, ಆಮೇಲೆ ನಿಜವಾಗಿಯೂ ಏನಾದರೂ ಆಗಿಬಿಟ್ಟರೆ? ಸುಳ್ಳು ತಾರೀಖಿನ ಪಟವೂ ಅವಳ ಬಾಳಿಗೆ ಅಷ್ಟು ಚೆನ್ನಾಗಿ ಹೊಂದಿತ್ತಲ್ಲ.

ಗುರುವಾರ ಬೆಳಗ್ಗೆ ನನ್ನ ಹೆಂಡತಿ ತಟ್ಟೆಯಲ್ಲಿ ಹಾಗೇ ಉಳಿದ ಇಡ್ಲಿಯನ್ನು ನೋಡಿ, ಕಾರಣ ಕೇಳಿ, ಎಲ್ಲವನ್ನೂ ನಿಂತುಕೊಂಡೇ ಕೇಳಿಸಿಕೊಂಡಳು. “ಓಗಿ ಯೋಳ್ಬುಟ್ಟು ಬನ್ನಿ. ನೀವ್ ಎದ್ರುಕೊಳ್ಳೋದು ಸರಿ, ಆ ಮಗೀನ್ ಯಾಕ್ ಎದ್ರುಸ್ತೀರಿ?” ಎಂದಷ್ಟೇ ಹೇಳಿ ತಟ್ಟೆ ಎತ್ತಿಕೊಂಡು ಹೋದಳು.

ಭೀಮನಬೀಡಿನ ಬಸ್ಸು ಅವತ್ತು ಬೇಗ ತಲುಪಿಬಿಟ್ಟಿತು. ಹಜಾರದಲ್ಲಿ ಚಾಪೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ ಮಾದೇವಿ ನನ್ನನ್ನು ಕಂಡು ಎದ್ದು ನಿಂತಳು, ಮೇಷ್ಟ್ರು ತರಗತಿಗೆ ಬಂದಾಗ ಎದ್ದು ನಿಲ್ಲುವಂತೆ. ಟೀವಿಯಲ್ಲಿ ಕಾಣುವುದಕ್ಕಿಂತ ಸಣ್ಣವಳು. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಅದನ್ನು ಬಳಿದವನು ನಾನೇ. ನಿಂತೇ ಎಲ್ಲವನ್ನೂ ಹೇಳಿದೆ: ದಾಖಲಾತಿ ಪುಸ್ತಕ, ಇನ್ಸ್‌ಪೆಕ್ಟರ ಭಯ, ನೆಂಟರ ತಾರೀಖುಗಳು, ಕೊನೆಗೆ ಉಳಿದ ನನ್ನದು. ಎಲ್ಲ ಕೇಳಿದ ದೊಡ್ಡತಾಯಮ್ಮ ನನಗೆ ಕೂರಲು ಚಾಪೆ ಸರಿಸಿದಳು. ಬೈದಿದ್ದರೆ ಚೆನ್ನಾಗಿತ್ತು.

ಹುಡುಗಿ ಅದೇ ತಗ್ಗಿದ ದನಿಯಲ್ಲಿ ಕೇಳಿದಳು. “ಪೇಪರ್ ಓದಿದ ದಿನದಿಂದ ಕಣ್ಮುಚ್ಚುದ್ರೆ ಬೀಳ್ತಾ ಇರ್ತೀನಿ ಸಾರ್. ಅಂಗಾರೆ ಈ ಹೆದ್ರಿಕೆ ಯಾರ್ದು?”

“ನಂದು ಕಣಮ್ಮ” ಎಂದೆ. ಗೋಪಾಲಸ್ವಾಮಿ ಬೆಟ್ಟ, ಮಂಡಿನೋವು, ಬುಡದಲ್ಲಿ ಕಾಯುತ್ತ ಕೂರುವ ಕಲ್ಲುಬೆಂಚು ಎಲ್ಲವನ್ನೂ ಹೇಳಿದೆ. ಬಿಳಿಯ ಮನೆಯಲ್ಲಿ ಪರರ ಭಯ ಬಿಡಾರ ಹೂಡುತ್ತದೆಂದು ಪಟ ಹೇಳಿತ್ತಲ್ಲ, ಅಷ್ಟರಮಟ್ಟಿಗೆ ಆ ಹಾಳು ಪಟ ನಿಜವನ್ನೇ ಹೇಳಿತ್ತು.

ದೊಡ್ಡತಾಯಮ್ಮ ಅವರೆಕಾಯಿಯ ಮೊರವನ್ನು ತನ್ನ ಕಡೆ ಎಳೆದುಕೊಂಡಳು. “ಬುಧವಾರ ಕಣ ಇವ್ಳು ಉಟ್ಟುದ್ದು. ಉಚ್ಚೆಳ್ಳು ಊವಾಗಿತ್ತು, ಒಲ ಎಲ್ಲ ಅಳದಿ. ಬೆಳ್ಗೆ ದನ ಬುಡೊ ಒತ್ತು. ಒಲದ್ ಬದೀನಾಗೇ ಉಟ್ಟುದ್ಲು, ನಾನೇ ಎತ್ಕಂಡ್ ಮನೆಗ್ ಬಂದೆ” ಎಂದಳು. ಈ ಮಾತಿನಲ್ಲಿ ಎಲ್ಲಿಯೂ ಭಯವಿರಲಿಲ್ಲ. ನನ್ನ ಆ್ಯಪಿನಲ್ಲಿ ಹುಚ್ಚೆಳ್ಳಿನ ಹೂವನ್ನು ತುಂಬುವ ಜಾಗವಿಲ್ಲ.

ಹುಡುಗಿ ತಾಯಿಯನ್ನು ನೋಡಿದಳು, ಆಮೇಲೆ ನನ್ನನ್ನು. ಫೋನು ತೆಗೆದುಕೊಂಡು ಅಂಗಳಕ್ಕೆ ಹೋಗಿ ಮಾತಾಡಿ ಬಂದು, “ಸೋಮವಾರ ಶೂಟಿಂಗ್ ಅಂತೆ. ನೀವೂ ಬರ್ಬೇಕು ಸಾರ್” ಎಂದಳು. ಮಂಡಿನೋವೆಂದು ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡೆ.

ಬದನಗುಪ್ಪೆಯ ಆ ಶೆಡ್ಡಿನೊಳಗೆ ತಗಡಿನ ಸೂರು ಮಧ್ಯಾಹ್ನದ ಬಿಸಿಲಿಗೆ ಟಕಟಕ ಎನ್ನುತ್ತಿತ್ತು. ಕಬ್ಬಿಣದ ಮೆಟ್ಟಿಲು ತೆಂಗಿನ ಮರದಷ್ಟು ಎತ್ತರ. ಕೆಳಗೆ ದಪ್ಪ ಹಾಸಿಗೆಗಳು, ಹಗ್ಗಗಳು, ಹಗ್ಗ ಎಳೆದು ಎಳೆದು ಪರೀಕ್ಷಿಸುತ್ತಿದ್ದ ನಾಲ್ಕಾರು ಗಂಡಸರು. ಅವರ ಪರೀಕ್ಷೆ ಸಾಲದೆಂದು ನಾನೂ ಒಂದು ಹಗ್ಗವನ್ನು ಹಿಡಿದು ಎಳೆದೆ. ಅದು ಪರದೆಯ ಹಗ್ಗವಂತೆ, ಬೈಸಿಕೊಂಡೆ. ಮಾದೇವಿ ಮೆಟ್ಟಿಲೇರುವ ಮೊದಲು ನನ್ನ ಹತ್ತಿರ ಬಂದು, “ನೀವ್ ನೋಡ್ಬೇಡಿ ಸಾರ್, ಸುಮ್ನೆ ಇರಿ ಸಾಕು” ಎಂದಳು. ನೋಡಲು ನನಗೂ ಆಗುತ್ತಿರಲಿಲ್ಲ. ಕಣ್ಣು ಮುಚ್ಚಿ, ಎಷ್ಟೋ ವರ್ಷಗಳ ಮೇಲೆ ಎದೆಯ ಮೇಲಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಪಕ್ಕದಲ್ಲಿ ದೊಡ್ಡತಾಯಮ್ಮ ನನ್ನ ಇನ್ನೊಂದು ಕೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದ್ದಳು. ಹೊಲದ ಬದುವಿನಿಂದ ಕೂಸನ್ನು ಎತ್ತಿಕೊಂಡು ಬಂದಿದ್ದ ಕೈ ಅದು. ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು ಮೇಲೆ ಮೇಲೆ ಹೋಗಿ ನಿಂತಿತು. ಯಾರೋ ಕೂಗಿದರು. ಆಮೇಲೆ ಒಂದು ಕ್ಷಣ ತಗಡಿನ ಸದ್ದೂ ಇಲ್ಲ. ಆ ಕ್ಷಣದಲ್ಲಿ ನಾನು ನನ್ನ ಅಂಕಣದ ಒಂದೊಂದು ಅಕ್ಷರವನ್ನೂ ಶಪಿಸಿದೆ.

ಧೊಪ್ಪೆಂದಿತು. ಮಣಿಕಟ್ಟಿನ ಮೇಲಿನ ಹಿಡಿತ ಸಡಿಲವಾಯಿತು. ಕಣ್ಣು ತೆರೆದಾಗ ಹಾಸಿಗೆಯ ಮೇಲೆ ಅವಳು ಎದ್ದು ಕೂತಿದ್ದಳು. ಸೊಂಟದ ಹಗ್ಗ ಬಿಚ್ಚಿಸಿಕೊಂಡು ನಮ್ಮ ಹತ್ತಿರ ಬಂದಳು.

“ಬಾಳ ಹೆದ್ರಿಕೆ ಆಯ್ತು ಸಾರ್” ಎಂದಳು. ಉಸಿರು ಎಳೆದುಕೊಂಡು, “ಆದ್ರೆ ಇದು ನಂದೇ” ಎಂದಳು. ಅಷ್ಟರಲ್ಲಿ ಇನ್ನೊಂದು ಸಲ ಬೇಕೆಂದು ಕೂಗಿದರು. ಅವಳು ತಿರುಗಿ ಮೆಟ್ಟಿಲ ಕಡೆಗೆ ಹೋದಳು.

ಮುಂದಿನ ವಾರದಿಂದ ‘ತಾರಾಪಟ’ ನಿಂತಿತು. ನಾಲ್ಕನೆಯ ಪುಟದ ಮೂಲೆಗೆ ಈಗ ಹಾಸಿಗೆ ಅಂಗಡಿಯೊಂದರ ಜಾಹೀರಾತು ಬರುತ್ತದೆ. ಮಳೆಗಾಲ ಕಳೆದು ಒಂದು ದಿನ, ಬೇರೇನೋ ಕೆಲಸಕ್ಕೆ ಚಾಮರಾಜನಗರಕ್ಕೆ ಹೋಗುತ್ತಿದ್ದೆ. ತೆರಕಣಾಂಬಿ ದಾಟಿದ ಮೇಲೆ ಕಿಟಕಿಯಾಚೆ ಹೊಲವೆಲ್ಲ ಹಳದಿಯಾಗಿತ್ತು. ಬುಧವಾರವೇ. ಬಸ್ಸಿನಲ್ಲಿ ಕೂತೇ ಫೋನು ತೆಗೆದು, ‘ಹುಚ್ಚೆಳ್ಳು ಹೂವಾಗಿದೆ ಮಗಳೇ, ಹುಟ್ಟುಹಬ್ಬದ ಶುಭಾಶಯ’ ಎಂದು ಕಳಿಸಿದೆ. ಅವಳು ತಕ್ಷಣ ಫೋನೇ ಮಾಡಿದಳು. ಸಂತೋಷವಾಯಿತೆಂದು ಹೇಳಿದ ಮೇಲೆ, ತನಗೆ ಸಹಜವಾದ ಮೆಲುದನಿಯಲ್ಲಿ, “ನೀವ್ ಹುಟ್ಟುದಾಗ ಏನ್ ಹೂವಾಗಿತ್ತು ಸಾರ್?” ಎಂದು ಕೇಳಿದಳು.

ಬಸ್ಸಿನ ಸದ್ದಿನಲ್ಲಿ ಕೇಳಿಸಲಿಲ್ಲವೆಂಬಂತೆ ನಟಿಸಿದೆ. ನನ್ನ ತಾರೀಖನ್ನು ಬರೆದವರೂ ಒಬ್ಬ ಮೇಷ್ಟ್ರೇ. ಅವರು ಯಾರದನ್ನು ತೆಗೆದು ನನಗೆ ಕೊಟ್ಟರೋ, ನಾನು ಇಷ್ಟು ವರ್ಷ ಯಾರ ಹೆದರಿಕೆಯನ್ನು ಹೊತ್ತು ಬೆಟ್ಟದ ಬುಡದಲ್ಲಿ ಕೂತಿದ್ದೆನೋ ತಿಳಿಯದು. ಹೇಳಬಲ್ಲವಳಾಗಿದ್ದದ್ದು ನನ್ನವ್ವ ಒಬ್ಬಳೇ. ಅವಳು ಇದ್ದಷ್ಟು ದಿನ, ಕೈಯಲ್ಲಿ ತಾರೀಖು ಬರೆದ ಅಂಕಪಟ್ಟಿಯಿದ್ದುದರಿಂದ, ಒಮ್ಮೆಯೂ ನಾನು ಅವಳನ್ನು ಕೇಳಲಿಲ್ಲ. ಇದನ್ನು ನೆನೆದರೆ ಈಗ ಎತ್ತರಕ್ಕಿಂತ ಹೆಚ್ಚು ಭಯವಾಗುತ್ತದೆ.

ಈ ವರ್ಷವೂ ಜೂನ್ ಹನ್ನೊಂದರ ಬೆಳಗ್ಗೆ, ಬಾಯಿ ತುಂಬ ನೊರೆಯಿದ್ದಾಗ ಫೋನು ಗುಂಯ್ ಎಂದಿತು. ಎಂದಿನಂತೆ ಎದೆ ಡವಡವ ಎಂದಿತು. ಆತ್ಮೀಯ ಗ್ರಾಹಕರೇ, ಕೇಕು, ಎಲ್ಲ ಹಾಗೆಯೇ. ಪ್ರತಿ ವರ್ಷ ಓದಿ ಅಳಿಸಿಹಾಕುತ್ತಿದ್ದೆ. ಈ ಸಲ ಅಳಿಸಲಿಲ್ಲ. ನಾನು ಹುಟ್ಟಿದ್ದು ಇದೇ ದಿನವೆಂದು ಅನುಮಾನವಿಲ್ಲದೆ ಹೇಳುವವರು ಈಗ ಅವರೊಬ್ಬರೇ ಉಳಿದಿದ್ದಾರೆ.